ಉತ್ತರದಾತ ಕ್ರಮಸಂಖ್ಯೆ 147ರ ಬಿನ್ನಹ

ವ್ಯವಹಾರ ನಿರ್ವಹಣೆಯಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಆಲೂರು-ಆದೋನಿ ಸೀಮೆಗೆ ಕ್ಷೇತ್ರಕಾರ್ಯಕ್ಕೆಂದು ದಯಮಾಡಿಸುವ ಸಂಶೋಧನಾರ್ಥಿಗಳವರ ಸನ್ನಿಧಿಗೆ,

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯು ಈ ಪದವಿಗೆ ಕನಿಷ್ಠ 3, ಗರಿಷ್ಠ 6 ವರ್ಷಗಳನ್ನು ಗೊತ್ತುಪಡಿಸಿದ್ದು, ಅಷ್ಟರೊಳಗೆ ಕೋರ್ಸ್‌ವರ್ಕ್, ಪ್ರಬಂಧ, ಮೌಖಿಕ ಪರೀಕ್ಷೆಗಳೆಲ್ಲ ಮುಗಿಯಬೇಕಾಗಿರುವುದರಿಂದ, ಹತ್ತಿ ಬೆಳೆಗಾರನ ಪಾಲಿಗೆ ಅದರಲ್ಲಿ ಒಂದು ಮಧ್ಯಾಹ್ನ ದಕ್ಕುವುದೇ ಆತನ ಪುಣ್ಯವೆನ್ನಬೇಕು. ಆ ಮಧ್ಯಾಹ್ನ ಆತನ ಮುಂದೆ ಹರಡುವುದು ಲೈಕರ್ಟ್ ಮಾಪಕ, ಅಂದರೆ 'ಸಂಪೂರ್ಣ ಒಪ್ಪಿಗೆ'ಯಿಂದ 'ಸ್ವಲ್ಪವೂ ಒಪ್ಪಿಗೆಯಿಲ್ಲ'ದವರೆಗೆ ಐದು ಮನೆಗಳನ್ನಿಟ್ಟು ಮನಸ್ಸನ್ನು ಅಂಕಿಯಾಗಿಸುವ, ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ ವಿಧಾನ.

1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಅತ್ತ ಸೇರಿದ ಫಲವಾಗಿ, ಇಂಗ್ಲಿಷಿನಲ್ಲಿ ಹುಟ್ಟಿದ ಪ್ರಶ್ನೆಯು ಇಲ್ಲಿ ತೆಲುಗಿಗಿಳಿದು, ಕನ್ನಡದಲ್ಲಿ ಉತ್ತರ ಪಡೆದು, ಮರಳಿ ಇಂಗ್ಲಿಷಿಗೇ ಏರುತ್ತದೆ. ಮಂಡಿಯ ವ್ಯವಹಾರ ತೃಪ್ತಿಕರವೇ ಎಂದು ಕೇಳಿದರೆ ಕಟ್ಟೆಯ ಮೇಲೆ ಕುಳಿತ ಉತ್ತರದಾತ ಬೀಡಿಯ ಬೂದಿ ಕೊಡವಿ, "ನಡೀತೈತಿ ಬಿಡ್ರಿ" ಎನ್ನುತ್ತಾನೆ. ಬೀಜಕ್ಕೆಂದು ತಂದ ಸಾಲ, ಅದರ ಬಡ್ಡಿ, ದಲ್ಲಾಳಿಯ ಮೇಲಿನ ಸಿಟ್ಟು, ನಾಳೆ ಮಗಳ ಮದುವೆಗೆ ಕೈ ಹಿಡಿಯುವವನೂ ಅದೇ ದಲ್ಲಾಳಿ ಎಂಬ ಲೆಕ್ಕ, ಇಷ್ಟೂ ಅಡಗಿರುವ ಆ ಎರಡು ಮಾತುಗಳನ್ನು ಸಂಶೋಧನಾರ್ಥಿಗಳು ಮೂರನೆಯ ಮನೆಗೆ, ಎಂದರೆ 'ತಟಸ್ಥ'ಕ್ಕೆ, ಟಿಕ್ ಹಾಕಿ ಮುಗಿಸುತ್ತಾರೆ.

ಸಿಕ್ಕವರನ್ನೇ ಕೇಳಿ ಸಂಖ್ಯೆ ತುಂಬಿಸುವ ಕ್ರಮಕ್ಕೆ ಶಾಸ್ತ್ರದಲ್ಲಿ ಅನುಕೂಲ ಮಾದರಿಯೆಂದು ಹೆಸರು. ಅನುಕೂಲ ಯಾರದೆಂದು ಶಾಸ್ತ್ರ ಹೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಕುಟುಂಬಗಳು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ, ಮತ್ತು ಬಾಗಿಲಿನ ಬೀಗ ಪ್ರಶ್ನಾವಳಿ ತುಂಬುವುದಿಲ್ಲ. ಹೀಗೆ ಮಾರುಕಟ್ಟೆಯಿಂದ ನಷ್ಟವುಂಡವರು ಊರಿನಲ್ಲೇ ಇಲ್ಲದ ಕಾಲದಲ್ಲಿ, ಊರಲ್ಲಿ ಉಳಿಯುವಷ್ಟು ಅನುಕೂಲವಿದ್ದವರನ್ನು ಕೇಳಿ, ರೈತರಲ್ಲಿ ಬಹುಪಾಲು ಜನ ತೃಪ್ತರೆಂಬ ತೀರ್ಮಾನಕ್ಕೆ ಬರುವುದು ಕಷ್ಟವೇನಲ್ಲ.

ಇಷ್ಟಾದರೂ ಬೆಳೆಗಾರನಿಗೂ ಸಂಶೋಧನಾರ್ಥಿಗೂ ಒಂದು ನಂಟುಂಟು. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ ಶೇ. 8 ದಾಟಿದರೆ ಬೆಲೆ ಕಡಿಯುತ್ತದೆ, ಶೇ. 12 ದಾಟಿದರೆ ಹತ್ತಿಯನ್ನೇ ಮುಟ್ಟುವುದಿಲ್ಲ. ಆಯೋಗದ 2018ರ ನಿಯಮವು ಸಾಮ್ಯ ಪ್ರಮಾಣ, ಅಂದರೆ ಪ್ರಬಂಧವು ಪರರ ಬರಹವನ್ನು ಹೋಲುವ ಅಂಶ, ಶೇ. 10ರವರೆಗೆ ಇದ್ದರೆ ದಂಡ ವಿಧಿಸುವುದಿಲ್ಲ, ಶೇ. 40ರವರೆಗೆ ಇದ್ದರೆ ತಿದ್ದಿ ತರಲು ಆರು ತಿಂಗಳು ಕೊಡುತ್ತದೆ. ಬೆಳೆಗಾರ ಹತ್ತಿಯನ್ನು ಬಿಸಿಲಿಗೆ ಹರವುತ್ತಾನೆ. ಸಂಶೋಧನಾರ್ಥಿ 'ರೈತ'ನನ್ನು 'ಕೃಷಿಕ'ನನ್ನಾಗಿಯೂ 'ಬೆಳವಣಿಗೆ'ಯನ್ನು 'ಅಭಿವೃದ್ಧಿ'ಯನ್ನಾಗಿಯೂ ಮಾಡಿ ಒಣಗಿಸುತ್ತಾರೆ. ತೂಕ ಬರಲೆಂದು ಹತ್ತಿಗೆ ನೀರು ಚಿಮುಕಿಸುವವರು ಇಲ್ಲಿಲ್ಲವೆಂದರೆ ಸುಳ್ಳಾದೀತು; ಪೂರ್ವಸಾಹಿತ್ಯ ಸಮೀಕ್ಷೆಯೆಂಬ ಎರಡನೆಯ ಅಧ್ಯಾಯವನ್ನು ಓದಿದವರಿಗೆ ಆ ಕಲೆ ಹೊಸದಲ್ಲ. ಒಂದೇ ವ್ಯತ್ಯಾಸವೆಂದರೆ, ಆರು ತಿಂಗಳು ಬಿಟ್ಟು ಒಣಗಿಸಿ ತಾ ಎಂದು ಹತ್ತಿಯವನಿಗೆ ಯಾರೂ ಹೇಳಿಲ್ಲ.

ಪ್ರಶ್ನಾವಳಿಯ ಕಡೆಯ ಪುಟದಲ್ಲಿ 'ಸಲಹೆಗಳೇನಾದರೂ ಇದ್ದಲ್ಲಿ' ಎಂದು ಬರೆದು ಒಂದೂವರೆ ಗೆರೆ ಜಾಗ ಬಿಡಲಾಗಿತ್ತು. ಮೇಲಿನ ಮಾತುಗಳು ಅದರಲ್ಲಿ ಹಿಡಿಸಲಿಲ್ಲವಾದ್ದರಿಂದ ಅವನ್ನು ಹೀಗೆ ಬಹಿರಂಗವಾಗಿ ಬರೆಸಬೇಕಾಯಿತು.

ಇತಿ,
ಉತ್ತರದಾತ ಕ್ರಮಸಂಖ್ಯೆ 147
(ತಟಸ್ಥ)