ಸುಲೈಬಿಯಾದ ಲ್ಯಾಪ್‌ಟಾಪ್ ಸವಾರ

ಕುವೈತಿನಲ್ಲಿ ನಮ್ಮ ಕರಾವಳಿಯವರು ಒಂದೋ ಸ್ವಂತ ಕಾರು ಇಟ್ಟುಕೊಳ್ಳುತ್ತಾರೆ, ಇಲ್ಲವೇ ಇನ್ನೊಬ್ಬರ ಕಾರಿನಲ್ಲಿ ಪೆಟ್ರೋಲಿಗೆ ಪಾಲು ಕೊಟ್ಟು ಕೂರುತ್ತಾರೆ. ಈ ಎರಡೂ ಲೆಕ್ಕಕ್ಕೆ ಸಿಗದವನು ಸುಲೈಬಿಯಾದ ತರಕಾರಿ ಸಗಟು ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವ, ಬಂಟ್ವಾಳ ಕಡೆಯ ಈ ಮನುಷ್ಯ. ಬೆನ್ನಿಗೆ ಲ್ಯಾಪ್‌ಟಾಪ್, ಅಡಿಯಲ್ಲಿ ಬೈಕು, ಬಾಯಲ್ಲಿ ವೇದಾಂತ. ಯಾವ ಕಟ್ಟಡದ ಮುಂದೆ ನಿಂತರೂ ಕಾವಲುಗಾರ "ಯಾವ ಫ್ಲ್ಯಾಟಿನ ಆರ್ಡರ್?" ಎಂದು ಕೇಳುತ್ತಾನೆ. ಈತನಿಗೆ ಬೇಸರವಿಲ್ಲ. ಬೈಕು ಅಪಾಯ ಎಂದವರಿಗೆ ಒಂದೇ ಉತ್ತರ:

"ಕಾರಲ್ಲಿ ಹೋಗುವವರು ಸಾಯುವುದಿಲ್ವಾ ಮಾರಾಯ್ರೇ? ಹಣೆಯಲ್ಲಿ ಬರೆದದ್ದು ತಪ್ಪುತ್ತದಾ?"

ಇದಕ್ಕೆ ಆಧಾರ ಬೇಕೆಂದರೆ ಸುಲೈಬಿಯಾದ ಟಯರುಗಳನ್ನು ಎಳೆದು ತರುತ್ತಾನೆ. ಅಲ್ಲಿನ ಮರಳಿನಲ್ಲಿ ಸವೆದ ಟಯರುಗಳ ರಾಶಿಯೇ ಬೆಳೆದಿತ್ತು. 2012ರಲ್ಲಿ ಅದಕ್ಕೆ ಬೆಂಕಿ ಬಿದ್ದು ಆಕಾಶವೆಲ್ಲ ಕಪ್ಪಾಗಿತ್ತು. 2021ರಲ್ಲಿ ಸುಮಾರು 4 ಕೋಟಿ 20 ಲಕ್ಷ ಟಯರುಗಳನ್ನು ಸೌದಿ ಗಡಿಯ ಹತ್ತಿರದ ಸಾಲ್ಮಿಗೆ ಸಾಗಿಸಿ ಜಾಗ ತೆರವು ಮಾಡಿದರು. "ಅಷ್ಟರಲ್ಲಿ ಬೈಕಿನದ್ದು ಎಷ್ಟಿದ್ದೀತು ಹೇಳಿ? ಎಲ್ಲ ಕಾರು, ಲಾರಿಯದ್ದೇ. ಅಪಾಯ ಯಾರಿಗೆ ಈಗ?" ಈ ತರ್ಕಕ್ಕೆ ಉತ್ತರ ಕೊಡಲು ಕುಳಿತವರ ಚಹಾ ಆರಿಹೋಗಿದೆ.

ಇಂಥ ಧೀರನ ವೇದಾಂತ ಲ್ಯಾಪ್‌ಟಾಪಿನ ವಿಷಯ ಬಂದಾಗ ಮಾತ್ರ ಕೈಕೊಡುತ್ತದೆ. ಸುತ್ತಲಿನ ಶಾಖ 35 ಡಿಗ್ರಿ ದಾಟಬಾರದು ಎಂದು ಅದರ ಕೈಪಿಡಿಯಲ್ಲಿದೆಯಂತೆ. ಇದೇ ದೇಶದ ಮಿತ್ರಿಬಾದಲ್ಲಿ 2016ರ ಜುಲೈಯಲ್ಲಿ 53.9 ಡಿಗ್ರಿ ದಾಖಲಾಗಿದೆ. ಆದ್ದರಿಂದ ಬೇಸಿಗೆಯಲ್ಲಿ ತಾನು ಬೇಯುತ್ತಾ ಬರುತ್ತಾನೆ, ಲ್ಯಾಪ್‌ಟಾಪನ್ನು ಬಾಣಂತಿ ಕೋಣೆಯ ಕೂಸಿನ ಹಾಗೆ ಸುತ್ತಿ ತರುತ್ತಾನೆ. ಅದರ ಫೈಲುಗಳನ್ನು ಮೂರು ಕಡೆ ಉಳಿಸಿಟ್ಟಿರುತ್ತಾನೆ. ಟೊಮೆಟೊ ಲೆಕ್ಕಕ್ಕೆ ಹಣೆಬರಹ ಸಾಲದು!

ಒಂದು ಶುಕ್ರವಾರ ಈ ಲೇಖಕನ ಅಬ್ಬಾಸಿಯಾದ ಮನೆಗೆ ಈತನನ್ನು ಊಟಕ್ಕೆ ಕರೆದದ್ದು. ಹೊರಗೆ ಧೂಳುಗಾಳಿ, ಎದುರಿನ ಕಟ್ಟಡವೇ ಮಾಯ. ಬರಲಿಕ್ಕಿಲ್ಲ ಎಂದುಕೊಳ್ಳುವಾಗ ಬಾಗಿಲು ಬಡಿಯಿತು. ಹೊರಗೆ ಹುಬ್ಬು, ಮೀಸೆ ಎಲ್ಲ ಒಂದೇ ಬಣ್ಣವಾದ ಆಕೃತಿ. ನೀರು ಕೇಳಲಿಲ್ಲ, "ಪ್ಲಗ್ ಎಲ್ಲುಂಟು?" ಎಂದ. ಎರಡು ಪ್ಲಾಸ್ಟಿಕ್ ಚೀಲ, ಒಂದು ಬೈರಾಸು, ಕೊನೆಗೊಂದು ಲುಂಗಿ ಬಿಚ್ಚಿ ಲ್ಯಾಪ್‌ಟಾಪನ್ನು ಊಟದ ಮೇಜಿನ ನಡುವೆ ಸ್ಥಾಪಿಸಿದ. ನೀರುದೋಸೆ, ಕೋಳಿಗಸಿ ಮೂಲೆಗೆ ಸರಿದವು. ಮನೆಯವರು ಗಸಿಯ ಸೌಟು ಎತ್ತಿದಾಗಲೆಲ್ಲ "ಸ್ವಲ್ಪ ಜಾಗ್ರತೆ, ಸ್ವಲ್ಪ ಜಾಗ್ರತೆ" ಎಂಬ ನಾಮಸ್ಮರಣೆ. ಉಂಡವರಾರಿಗೂ ಗಸಿ ಸಾಕಷ್ಟು ಸಿಗಲಿಲ್ಲ.

ಊಟವಾದ ಮೇಲೆ ಊರಿನಿಂದ ವಿಡಿಯೊ ಕರೆ. ತೆರೆಯ ಮೇಲೆ ಹೆಂಡತಿ, ಹಿಂದೆ ಹಲ್ಲು ಬಿದ್ದ ಮಗಳು. ಕರೆ ಎತ್ತುವ ಮುನ್ನ ಹೆಲ್ಮೆಟ್ಟನ್ನು ಕಾಲಿನಿಂದಲೇ ಮೇಜಿನಡಿಗೆ ತಳ್ಳಿದ್ದ.

"ಬೈಕಲ್ಲಿ ಹೋಗ್ತಾ ಇಲ್ಲ ಅಲ್ವಾ ನೀವು?"

"ಇಲ್ಲ ಮಾರಾಯ್ತಿ, ಇವರ ಕಾರಲ್ಲೇ ಬಂದದ್ದು" ಎಂದು ಪಕ್ಕದಲ್ಲಿದ್ದ ಲೇಖಕನನ್ನು ಸಾಕ್ಷಿಗೆ ಎಳೆದ. ಮಗಳ ಬಿದ್ದ ಹಲ್ಲಿನ ಚಿತ್ರವನ್ನೂ ಮೂರು ಕಡೆ ಉಳಿಸಿಟ್ಟಿದ್ದಾನೆ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತು ಈ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಕಷ್ಟವಾಯಿತು.

ಸಂಜೆಗೆ ಗಾಳಿ ಇಳಿದಾಗ ಕಷ್ಟವಿಲ್ಲದೆ ಸಿಟ್ಟು ಬಂತು. ಲೇಖಕನ ಕಾರು ಗ್ಯಾರೇಜಿನಲ್ಲಿತ್ತು; ಅದನ್ನು ತರಲು ಫರ್ವಾನಿಯಾದವರೆಗೆ ಬೈಕಿನ ಹಿಂದೆ ಕೂರುವ ಗತಿ ಬಂತು. ಹೆಲ್ಮೆಟ್ ಕೊಟ್ಟ, ಜತೆಗೆ ಲ್ಯಾಪ್‌ಟಾಪ್ ಚೀಲವನ್ನೂ ತೊಡೆಯ ಮೇಲಿಟ್ಟ.

"ಎರಡೂ ಕೈಯಲ್ಲಿ ಇದನ್ನು ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೇ."

"ನಾನು ಎಂತ ಹಿಡ್ಕೊಳ್ಳುವುದು?"

"ನಿಮ್ಮದು ಹಣೆಯಲ್ಲಿ ಬರೆದುಂಟಲ್ಲ" ಎಂದು ಗೇರು ಹಾಕಿದ.