ಸ್ಥಾವರ ನೌಕರನೂ ಜಂಗಮ ಕಡತವೂ: ಕಚೇರಿ ಚಲನಮೀಮಾಂಸೆಗೆ ಒಂದು ಪ್ರವೇಶ

ಸರ್ಕಾರಿ ಕಚೇರಿಯ ಸಮಸ್ತ ಪದಾರ್ಥಗಳನ್ನು ಸ್ಥಾವರ, ಜಂಗಮ ಎಂದು ಎರಡಾಗಿ ವಿಂಗಡಿಸುವುದಾದರೆ, ನೌಕರನು ಯಾವ ವರ್ಗಕ್ಕೆ ಸೇರುತ್ತಾನೆಂಬುದೇ ಚಲನಮೀಮಾಂಸೆಯ, ಅಂದರೆ ಕಚೇರಿಯೊಳಗೆ ಯಾರು ಏತಕ್ಕಾಗಿ ಅಲುಗುತ್ತಾರೆಂದು ವಿಚಾರಿಸುವ ಶಾಸ್ತ್ರದ, ಮೂಲಪ್ರಶ್ನೆಯಾಗುತ್ತದೆ. ಕಾಗದದ ಯುಗದಲ್ಲಿ ಕಡತಕ್ಕೆ ಕಾಲಿಲ್ಲದ್ದರಿಂದ ಅದನ್ನು ಕಂಕುಳಲ್ಲಿಟ್ಟುಕೊಂಡು ಯಾರಾದರೂ ಮಹಡಿ ಹತ್ತಲೇಬೇಕಾಗಿತ್ತು. ಕಡತಗಳನ್ನು ಕಂಪ್ಯೂಟರಿನಲ್ಲೇ ಸಾಗಿಸುವ ಇ-ಆಫೀಸ್ ವ್ಯವಸ್ಥೆ ಬಂದ ಬಳಿಕ ಕಡತವು ತಾನೇ ಮೇಜಿನಿಂದ ಮೇಜಿಗೆ ಹಾರತೊಡಗಿ, ನೌಕರನು ಕುರ್ಚಿಯಲ್ಲಿ ಪ್ರತಿಷ್ಠಾಪಿತನಾದನು. ‘ಫೈಲು ಮೂವ್ ಆಗಿದೆ’ ಎಂಬ ವಾಕ್ಯದಲ್ಲಿ ಕರ್ತೃಪದವಿ ಫೈಲಿಗೇ ಸಂದಿರುವುದನ್ನು ವೈಯಾಕರಣರು ಗಮನಿಸತಕ್ಕದ್ದು.

ಈ ಪ್ರತಿಷ್ಠಾಪನೆಗೆ ಎದುರಾದ ಪೂರ್ವಪಕ್ಷವು, ಎಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ಎದುರಾಳಿಯ ವಾದವು, ವೈದ್ಯರದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗೆ, ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಹೃದ್ರೋಗ ಕಡಿಮೆಯೆಂದು ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದ್ದರು. ಇದನ್ನು ಕಚೇರಿಗೆ ಅನ್ವಯಿಸಿದರೆ ಚಾಲಕನ ಸ್ಥಾನ ಸಾಹೇಬರಿಗೂ ಕಂಡಕ್ಟರನ ಸ್ಥಾನ ಅಟೆಂಡರನಿಗೂ ಸಲ್ಲುತ್ತದೆ. ಆದುದರಿಂದ, ಎರಡು ಮೊಳ ದೂರದಲ್ಲಿರುವ ನೀರಿನ ಲೋಟಕ್ಕಾಗಿ ಸಾಹೇಬರು ಗಂಟೆ ಒತ್ತುವುದನ್ನು ಸೋಮಾರಿತನವೆನ್ನುವುದು ಅಜ್ಞಾನ. ಅದು ತಮ್ಮ ಪಾಲಿನ ಆರೋಗ್ಯವನ್ನು ಅಟೆಂಡರನ ಹೃದಯಕ್ಕೆ ಧಾರೆಯೆರೆಯುವ ದಾನವಿಶೇಷವಾಗಿದೆ.

ಇನ್ನು ಚಲನೆಗೆ ಪ್ರೇರಕವಾದ ದ್ರವ್ಯಗಳಲ್ಲಿ ಬೈಟು ಕಾಫಿಯೇ ಪ್ರಧಾನ. ಬೈಟು ಎಂದರೆ ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ಬೆಂಗಳೂರಿನ ಪದ್ಧತಿ. ಒಬ್ಬನೇ ಹೋದರೆ ಅದು ಬೈಟು ಆಗಲಾರದಾದ್ದರಿಂದ, ಅರ್ಧ ಲೋಟದ ಕಾಫಿಯೊಂದು ನಾಲ್ಕು ಕಾಲುಗಳನ್ನು ಅನಿವಾರ್ಯವಾಗಿ ರಸ್ತೆಗಿಳಿಸುತ್ತದೆ. ಯಾವ ವ್ಯಾಯಾಮಶಾಲೆಯೂ ಇಷ್ಟು ಕಡಿಮೆ ಹಾಲಿನಲ್ಲಿ ಇಷ್ಟು ನಡಿಗೆಯನ್ನು ಉತ್ಪಾದಿಸಿಲ್ಲ. ಕಾರಿಡಾರಿನಲ್ಲೇ ಕಾಫಿ ಯಂತ್ರವನ್ನಿಟ್ಟು ನೌಕರರ ಕ್ಷೇಮವನ್ನು ಸಾಧಿಸಿದೆವೆಂದುಕೊಳ್ಳುವ ಆಡಳಿತಗಳು ಈ ತತ್ತ್ವವನ್ನು ಅರಿತಿಲ್ಲ. ಕುರ್ಚಿಯ ಬೆನ್ನಿಗೆ ತೂಗುಹಾಕಿದ ಸ್ವೆಟರು ಸಹಕಾರಿ ಕಾರಣವಾಗಿದ್ದು, ನೌಕರನು ನಡೆಯುತ್ತಿರುವಷ್ಟು ಹೊತ್ತೂ ‘ಈಗಷ್ಟೇ ಎದ್ದು ಹೋದರು’ ಎಂಬ ಭ್ರಾಂತಿಜ್ಞಾನವನ್ನು ನೋಡುವವರಲ್ಲಿ ಕಾಪಾಡುತ್ತದೆ. (ಲಿಫ್ಟಿನ ಮುಂದೆ ಹತ್ತು ನಿಮಿಷ ನಿಂತು ಒಂದು ಮಹಡಿ ಇಳಿಯುವವರನ್ನು ತಪಸ್ವಿಗಳ ಅಧ್ಯಾಯದಲ್ಲಿ ಚರ್ಚಿಸುವುದು ಉಚಿತ.)

ಪ್ರಭುತ್ವವು ಈ ವಿಷಯದಲ್ಲಿ ಸುಮ್ಮನಿದ್ದಿತೆನ್ನಲಾಗದು. ಆಯುಷ್ ಸಚಿವಾಲಯವು ಕೆಲಸದ ನಡುವೆ ಐದು ನಿಮಿಷ ಮಾಡಬಹುದಾದ ‘ವೈ-ಬ್ರೇಕ್’ ಯೋಗವನ್ನು ರೂಪಿಸಿತು. ಆಮೇಲೆ ಕುರ್ಚಿಯಲ್ಲಿ ಕುಳಿತೇ ಮಾಡುವ ಅದರ ರೂಪವೂ ಬಂದಿತು, ಇದನ್ನು ಕುರ್ಚಿಯ ದಿಗ್ವಿಜಯವೆಂದೇ ಪರಿಗಣಿಸಬೇಕು.

ನೌಕರನ ಚಲನೆಗೆ ಮೀಸಲಾದ ಏಕೈಕ ಗ್ರಂಥವೆಂದರೆ ಚಲನವಲನ ವಹಿ, ಅಂದರೆ ಕಚೇರಿ ವೇಳೆಯಲ್ಲಿ ಹೊರಹೋಗುವವನು ಹೋದ ಹೊತ್ತು, ಬಂದ ಹೊತ್ತು, ಹೋದ ಕಾರಣಗಳನ್ನು ಬರೆಯಬೇಕಾದ ದಪ್ಪ ಪುಸ್ತಕ. ಮೊಣಕಾಲು ಹಿಡಿದುಕೊಂಡಿದೆಯೆಂದು ಕಾರಣದ ಅಂಕಣದಲ್ಲಿ ಬರೆಯಲು ಯಾರಿಗೂ ಧೈರ್ಯ ಸಾಲದ್ದರಿಂದ ಸಕಲ ಚಲನೆಯೂ ಅಲ್ಲಿ ‘ಕಚೇರಿ ಕೆಲಸದ ನಿಮಿತ್ತ’ವೇ ಆಗಿರುತ್ತದೆ. ಆ ವಹಿಯು ಮತ್ತೊಂದು ಶಾಖೆಯ ಮೇಜಿನ ಮೇಲಿದ್ದರೆ, ಅದನ್ನು ತರಿಸಲು ಅಟೆಂಡರನಿಗೆ ಗಂಟೆ ಒತ್ತಲಾಗುತ್ತದೆ.