ಗೂಡು ಯಾರ ಅಳತೆಗೆ?

ಮನೆಗೆ ನಾಯಿಮರಿ ಬರ್ತಿದೆಯಂತೆ? ಹೆಸರಿಟ್ಟಾಯ್ತು, ಬೆಲ್ಟ್ ತಂದಾಯ್ತು, ವಾಟ್ಸಾಪ್ ಸ್ಟೇಟಸ್ಸೂ ಹಾಕಿಯಾಯ್ತು. (ಮರಿ ಇನ್ನೂ ಬಂದಿಲ್ಲ, ಆ ಮಾತು ಬೇರೆ.) ಉಳಿದಿರೋದು ಮರಿ ಮಲಗೋ ಗೂಡು, ಅಂದ್ರೆ ಕ್ರೇಟ್ ಒಂದೇ. ಅಂಗಡೀಲಿ ನೀವೇನು ಮಾಡ್ತೀರಿ ಅಂತ ಈಗಲೇ ಹೇಳಿಬಿಡಲಾ?

ಒಳಗೆ ಕಾಲಿಟ್ಟ ತಕ್ಷಣ ನಿಮ್ಮ ಕಣ್ಣು ಬೀಳೋದೇ 48 ಇಂಚಿನದರ ಮೇಲೆ. 'ಇದೇ ಇರ್ಲಿ ಬಿಡ್ರೀ, ಬೆಳೆಯೋ ಮರಿ!' ಮಗನಿಗೆ ಎರಡು ಸೈಜ್ ದೊಡ್ಡ ಶೂ ತಂದು, ಮುಂದೆ ಹತ್ತಿ ತುರುಕಿ ಸ್ಕೂಲಿಗೆ ಕಳಿಸಿದ ವಂಶದವರಲ್ವಾ ನೀವು?

ಮಲಗೋ ಜಾಗ ಗಲೀಜು ಮಾಡ್ಕೋಬಾರದು ಅನ್ನೋದು ಮರಿಯ ಹುಟ್ಟುಗುಣ. ಆದ್ರೆ ಅಷ್ಟು ದೊಡ್ಡ ಜಾಗ ಸಿಕ್ಕಿದ್ರೆ? ಒಂದು ಮೂಲೇಲಿ ಉಚ್ಚೆ ಹೊಯ್ದು, ಇನ್ನೊಂದು ಮೂಲೇಲಿ ಹಾಯಾಗಿ ಮಲಗುತ್ತೆ. (ಅಟ್ಯಾಚ್ಡ್ ಬಾತ್‌ರೂಮ್ ಕೊಟ್ಟವರು ನೀವು, ಬೈಸಿಕೊಳ್ಳೋದು ಅದು.)

ಅಳತೆ ಸಲೀಸು. ತಲೆ ತಾಗದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಬೆಳೆದ ಬೀಗಲ್‌ಗೆ ಸಾಮಾನ್ಯವಾಗಿ 30 ಇಂಚು ಸಾಕು, ಲ್ಯಾಬ್ರಡಾರ್‌ಗೆ 42. ಬರ್ತಿರೋದು ಮುಧೋಳ ನಾಯೀನಾ? (2005ರಲ್ಲೇ ಅಂಚೆಚೀಟಿ ಮೇಲೆ ನಿಂತ, ನಮ್ಮ ಬಾಗಲಕೋಟೆ ಸೀಮೆಯ ಉದ್ದಗಾಲಿನ ಸಾಹೇಬ್ರು!) ಹಾಗಾದ್ರೆ 48 ಕೇಳಿ, ಯಾರೂ ನಗಲ್ಲ.

ಎರಡೆರಡು ಸಲ ದುಡ್ಡು ಬಿಚ್ಚೋಕೆ ಮನಸ್ಸಿಲ್ವಾ? (ಗೊತ್ತಿತ್ತು.) ಬೆಳೆದ ನಾಯಿಯ ಅಳತೆಗೇ, ಆದ್ರೆ ಡಿವೈಡರ್ ಇರೋ ತಂತಿ ಕ್ರೇಟ್ ತನ್ನಿ, ಮರಿ ಬೆಳೆದ ಹಾಗೆ ಆ ಡಿವೈಡರನ್ನ ಹಿಂದಕ್ಕೆ ಸರಿಸ್ತಾ ಹೋಗಿ.

ಇನ್ನು 'ಸೋಫಾಗೆ ಮ್ಯಾಚ್ ಆಗೋ ದಿಂಬು ಇದ್ಯಾ?' ಅಂತ ಕೇಳಿದ್ದು ನೀವೇ ತಾನೇ? ಹಳೇ ಟವೆಲ್ ಸಾಕು. ಹರಿದು ನುಂಗೋ ಮರಿಯಾದ್ರೆ ಅದೂ ಬೇಡ. ಒಳಗೆ ಬಿಡುವಾಗ ಕತ್ತಿನ ಬೆಲ್ಟ್ ಬಿಚ್ಚಿಡಿ, ತಂತಿಗೆ ಸಿಕ್ಕಿಹಾಕಿಕೊಂಡೀತು. ಬಾಗಿಲು ತೆಗೆದಿಟ್ಟು ಒಳಗೆ ತಿಂಡಿ ಹಾಕಿ, ತಾನಾಗೇ ಹೋಗ್ಲಿ. ಚಪ್ಪಲಿ ಕಚ್ಚಿದ ಸಿಟ್ಟಿಗೆ ಒಳಗೆ ದಬ್ಬಿದ್ರೋ, ಆವತ್ತಿಂದ ಅದು ಜೈಲೇ.

ಕ್ರೇಟನ್ನ ಹಾಲ್‌ನಲ್ಲಿ ಶೋಗೆ ಇಡಬೇಡಿ. ಮೊದಮೊದಲು ಮಂಚದ ಪಕ್ಕಾನೇ ಇರ್ಲಿ. ಎರಡು ತಿಂಗಳ ಮರಿ ರಾತ್ರಿಯಿಡೀ ಉಚ್ಚೆ ತಡೆಯಲ್ಲ. ಕುಂಯ್ ಅಂದ್ರೆ ಎದ್ದು, ಲಿಫ್ಟ್ ಇಳಿದು, ಹೊರಗೆ ಬಿಟ್ಟು, ಮತ್ತೆ ತಂದು ಅದರೊಳಗೇ ಮಲಗಿಸಿ.

ಏನಂದ್ರಿ? 'ಪಾಪ ಕಣ್ರೀ, ಇವತ್ತೊಂದಿನ ನಮ್ಮ ಹಾಸಿಗೆ ಮೇಲೇ ಮಲಗ್ಲಿ' ಅಂತಾನಾ? ಆಗ್ಲಿ. ಕ್ರೇಟ್ ಬಿಡಿ, ಕಿಂಗ್ ಸೈಜ್ ಮಂಚ ವಿಚಾರಿಸಿ. ಗಂಡ ಹೆಂಡ್ತಿ ನಡುವೆ ಡಿವೈಡರ್ ಆಗಿ ಅದೇ ಮಲಗುತ್ತೆ!